ಸಿ ಭಾಷೆ: ಸೊನ್ನೆ ಬೈಟ್ ತರುವ ಸಂಕಟ

ಸಿ ಭಾಷೆಯಲ್ಲಿ ಸ್ಟ್ರಿಂಗ್ ಎಂದರೆ ಸೊನ್ನೆ ಬೆಲೆಯ ಬೈಟ್‌ನಿಂದ ಕೊನೆಗೊಳ್ಳುವ ಅಕ್ಷರಗಳ ಸಾಲು. ಅದರ ಉದ್ದ ಬೇರೆಲ್ಲೂ ದಾಖಲಾಗಿರುವುದಿಲ್ಲ. ಪಠ್ಯಕ್ಕೆ ಇಷ್ಟು ಸಾಕು. ಆದರೆ ಚಿತ್ರ, ಧ್ವನಿಗಳಂತಹ ಬೈನರಿ ದತ್ತಾಂಶದಲ್ಲಿ ಸೊನ್ನೆಯೂ ಸಹಜ ಬೆಲೆಯೇ.

ಪಿಎನ್‌ಜಿ ಚಿತ್ರಕಡತವನ್ನೇ ಗಮನಿಸಿ. ಮೊದಲ 8 ಬೈಟ್‌ಗಳು ಅದರ ಗುರುತು, 9ನೆಯದು ಸೊನ್ನೆ. ಹೀಗಾಗಿ ಕಡತ ಎಷ್ಟೇ ದೊಡ್ಡದಿರಲಿ, ಸ್ಟ್ರ್‌ಲೆನ್ ಫಂಕ್ಷನ್ ಅದರ ಉದ್ದವನ್ನು 8 ಎಂದೇ ಹೇಳುತ್ತದೆ. ಸ್ಟ್ರ್‌ಸಿಪಿವೈ ಬಳಸಿ ನಕಲಿಸಿದರೆ ಉಳಿದ ಚಿತ್ರವೆಲ್ಲ ಯಾವ ಎಚ್ಚರಿಕೆಯೂ ಇಲ್ಲದೆ ನಷ್ಟವಾಗುತ್ತದೆ. ಸೊನ್ನೆಯೇ ಇಲ್ಲದ ದತ್ತಾಂಶವಾದರೆ ಇವು ಗಡಿ ದಾಟಿ ಪಕ್ಕದ ಮೆಮೊರಿಗೂ ಕೈಹಾಕುತ್ತವೆ.

ಆದ್ದರಿಂದ ಕಡತವನ್ನು ‘ಆರ್‌ಬಿ’ ವಿಧಾನದಲ್ಲಿ ತೆರೆದು, ಎಫ್‌ರೀಡ್ ಓದಿದ ಬೈಟ್‌ಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ ಕಾಪಾಡಿಕೊಳ್ಳಬೇಕು. ನಕಲಿಗೆ ಮೆಮ್‌ಸಿಪಿವೈ, ಹೋಲಿಕೆಗೆ ಮೆಮ್‌ಸಿಎಂಪಿ ಬಳಸುವುದು ಕ್ಷೇಮಕರ.