ಡೋರಾ ದಿ ಎಕ್ಸ್‌ಪ್ಲೋರರ್

ಶಾಲೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿಗಾಗಿ ರೂಪಿಸಿದ ಅಮೆರಿಕದ ಹಾಡುಭರಿತ ಕಾರ್ಟೂನ್ ಧಾರಾವಾಹಿ. ಕ್ರಿಸ್ ಗಿಫರ್ಡ್, ವ್ಯಾಲರಿ ವಾಲ್ಷ್ ಮತ್ತು ಎರಿಕ್ ವೈನರ್ ಇದರ ರೂವಾರಿಗಳು. ನಿಕೆಲೋಡಿಯನ್ ವಾಹಿನಿಯಲ್ಲಿ 2000ದ ಆಗಸ್ಟ್ 14ರಂದು ಪ್ರಸಾರ ಆರಂಭವಾಯಿತು.

ಸ್ವರೂಪ: ಏಳು ವರ್ಷದ ಲ್ಯಾಟಿನ್ ಮೂಲದ ಹುಡುಗಿ ಡೋರಾ, ಗೆಳೆಯ ಬೂಟ್ಸ್ ಎಂಬ ಕೋತಿಯೊಂದಿಗೆ ಪ್ರತಿ ಕಂತಿನಲ್ಲೂ ಒಂದು ಪಯಣ ಹೊರಡುತ್ತಾಳೆ. ದಾರಿ ತೋರುವ ನಕ್ಷೆಗೂ ಬೇಕಾದ್ದನ್ನು ಕೊಡುವ ಬೆನ್ನಚೀಲಕ್ಕೂ ತಮ್ಮದೇ ಹಾಡುಗಳಿವೆ. ಒಂದೊಂದು ಅಡ್ಡಿ ದಾಟಿದಾಗಲೂ ಮಿಡತೆ, ಬಸವನಹುಳು, ಕಪ್ಪೆಗಳ ಮೂವರ ತಂಡ ವಾದ್ಯ ಮೊಳಗಿಸುತ್ತದೆ. ಕದಿಯಲು ಬರುವ ಸ್ವೈಪರ್ ನರಿಯನ್ನು ತಡೆಯಲು ಮೂರು ಸಲ ಕೂಗಿ ಹೇಳಬೇಕು.

ಆಕರ್ಷಣೆ: ಡೋರಾ ಪ್ರಶ್ನೆ ಕೇಳಿ, ನೋಡುಗರತ್ತ ತಿರುಗಿ, ಉತ್ತರಕ್ಕಾಗಿ ಕಾಯುತ್ತಾಳೆ. ಮಗು ಟಿವಿ ಮುಂದೆಯೇ ಉತ್ತರ ಕೂಗುತ್ತದೆ, ಎದ್ದು ಕುಣಿಯುತ್ತದೆ. ಕಥೆಯ ಚೌಕಟ್ಟು ಬದಲಾಗದ ಕಾರಣ ಮುಂದೇನೆಂಬುದು ಮಗುವಿಗೆ ಮೊದಲೇ ಗೊತ್ತು. ಆ ಗೊತ್ತಿರುವಿಕೆಯೇ ಅದಕ್ಕೆ ಖುಷಿ. ದಾರಿ ಹುಡುಕುವುದು, ತೀರ್ಮಾನಿಸುವುದು ಎಲ್ಲವೂ ಹುಡುಗಿಯದೇ ಕೆಲಸವಾದ್ದರಿಂದ ಹೆಣ್ಣುಮಕ್ಕಳಿಗೆ ಅವಳು ವಿಶೇಷವಾಗಿ ಅಚ್ಚುಮೆಚ್ಚು. ಅವಳ ಚಿತ್ರವಿರುವ ಸ್ಕೂಲ್ ಬ್ಯಾಗ್, ನೀರಿನ ಬಾಟಲಿಗಳೂ ಜನಪ್ರಿಯವಾದವು.

ಕನ್ನಡದಲ್ಲಿ: ಸನ್ ಸಮೂಹ 2009ರಲ್ಲಿ ಆರಂಭಿಸಿದ ಚಿಂಟು ಟಿವಿಯ ಮೂಲಕ ಡೋರಾ ಕನ್ನಡ ಮಾತಾಡಿದಳು. ಪರಭಾಷೆಯ ಚಲನಚಿತ್ರಗಳ ಡಬ್ಬಿಂಗ್‌ಗೆ ಕನ್ನಡ ಚಿತ್ರರಂಗದಲ್ಲಿ ಬಲವಾದ ವಿರೋಧವಿದ್ದ ಆ ಕಾಲದಲ್ಲೂ ಕಾರ್ಟೂನುಗಳು ಕನ್ನಡಕ್ಕೆ ಬಂದವು. ಹಾಗಾಗಿ ಬೆಂಗಳೂರಿನಂಥ ಬಹುಭಾಷಾ ನಗರದಲ್ಲೂ ಮಕ್ಕಳಿಗೆ ಮನೆಮಾತಿನಲ್ಲೇ ಕಾರ್ಟೂನ್ ನೋಡುವ ಅವಕಾಶ ಸಿಕ್ಕಿತು.

ಮುಂದುವರಿಕೆ: ಮೂಲ ಸರಣಿ 2019ರಲ್ಲಿ ಮುಗಿಯಿತು. ಅದೇ ವರ್ಷ ಜೇಮ್ಸ್ ಬಾಬಿನ್ ನಿರ್ದೇಶನದ ಚಲನಚಿತ್ರ ತೆರೆಕಂಡಿತು. 2024ರಲ್ಲಿ ಹೊಸ ಅನಿಮೇಷನ್ ಸರಣಿ ಆರಂಭವಾಯಿತು.