ಅಗ್ಗದ ಕೋವಿಯ ದುಬಾರಿ ಕಥೆ

ಎರಡು ನಳಿಗೆಗಳು ಅಕ್ಕಪಕ್ಕದಲ್ಲಿರುವ ಜೋಡುನಳಿಗೆ ಕೋವಿ ಕೊಡಗು, ಮಲೆನಾಡಿನವರಿಗೆ ಹೊಸದಲ್ಲ. ಅವನ್ನೇ ಒಂದರ ಮೇಲೊಂದು ಕೂರಿಸಿದರೆ ಗುರಿಕಾರನ ಕಣ್ಣೆದುರು ಒಂದೇ ನಳಿಗೆ ಕಾಣುತ್ತದೆ. ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವವರು ಇದನ್ನು ಮೆಚ್ಚುವುದು ಅದಕ್ಕೇ.

ಲಂಡನ್ನಿನ ಬಾಸ್ ಕಂಪೆನಿ 1909ರಲ್ಲಿ ಇಂಥ ಕೋವಿ ತಯಾರಿಸಿತು. ಅದು ಸಿರಿವಂತರ ಸೊತ್ತು. ಸಾಮಾನ್ಯ ಬೇಟೆಗಾರನಿಗೂ ಎಟುಕುವಂಥದನ್ನು ಮಾಡಲು ಹೊರಟವರು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. 1926ರಲ್ಲಿ ಬೆಲ್ಜಿಯಂನಲ್ಲಿ ಅವರು ತೀರಿಕೊಂಡಾಗ ಕೆಲಸ ಬಾಕಿಯಿತ್ತು. ಮಗ ವ್ಯಾಲ್ ಪೂರೈಸಿದರು. 1931ರಲ್ಲಿ 'ಸೂಪರ್‌ಪೋಸ್ಡ್' ಮಾರಾಟಕ್ಕೆ ಬಂದಾಗ ಬೆಲೆ 107.50 ಡಾಲರ್. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದೇನೂ ಚಿಲ್ಲರೆ ಹಣವಲ್ಲ.

ಖರ್ಚು ಹೆಚ್ಚುವುದು ಬರಿಯ ಕೆತ್ತನೆಯಿಂದಲ್ಲ, ಜೋಡಣೆಯಿಂದ. ಎರಡೂ ನಳಿಗೆಗಳು ಒಂದೇ ಕಡೆಗೆ ಹೊಡೆಯುವಂತೆ ಬೆಸೆಯಬೇಕು. ಸಾವಿರಾರು ತೋಟಾ ಹಾರಿಸಿದರೂ ಕೋವಿ ಮಡಚುವ ಕೀಲು ಸಡಿಲವಾಗಬಾರದು. ಬೆಲ್ಜಿಯಂನ ಕುಶಲಕರ್ಮಿಗಳು ಇದನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸುತ್ತಿದ್ದರು. ಕೂಲಿ ಏರಿತು, ಕೋವಿಯೂ ದುಬಾರಿಯಾಯಿತು. 1973ರಲ್ಲಿ ಬ್ರೌನಿಂಗ್ ಕಂಪೆನಿ ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ಮಾಡಿಸಿದ 'ಸಿಟೋರಿ'ಯನ್ನು ತಂದಿತು. ರಷ್ಯದ ಇಝೆವ್‌ಸ್ಕ್‌ನ 'ಬೈಕಾಲ್' ಅದಕ್ಕಿಂತಲೂ ಅಗ್ಗ: ನೋಟಕ್ಕೆ ಒರಟು, ಎತ್ತಲು ಭಾರ, ಬಾಳಿಕೆಗೆ ಗಟ್ಟಿ.

ಹಾಗಾದರೆ ಅಗ್ಗದ್ದನ್ನು ಕೊಳ್ಳಬಹುದೆ? ವರ್ಷಕ್ಕೆ ನಾಲ್ಕಾರು ತೋಟಾ ಸುಡುವವನಿಗೆ ಧಾರಾಳವಾಗಿ ಸಾಕು. ದಿನವೂ ಅಭ್ಯಾಸ ಮಾಡುವ ಸ್ಪರ್ಧಿ ಮಾತ್ರ ರಿಪೇರಿಯ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಇಬ್ಬರೂ ಮರದ ಹೊಳಪಿಗೆ ಮರುಳಾಗುವ ಮುನ್ನ ಕೀಲು ಅಲ್ಲಾಡುತ್ತದೆಯೇ ಎಂದು ನೋಡಬೇಕು, ಎರಡೂ ನಳಿಗೆಗಳಿಂದ ಗುರಿಹಾಳೆಗೆ ಹೊಡೆದು ಪರೀಕ್ಷಿಸಬೇಕು.