ಕಡಿಮೆ ಕ್ಯಾಲೊರಿಯ ವಿಟ್‌ಬಿಯರ್

ಕಡಿಮೆ ಕ್ಯಾಲೊರಿಯ ವಿಟ್‌ಬಿಯರ್ ಎಂಬುದು ಬೆಲ್ಜಿಯಂನ ಸಾಂಪ್ರದಾಯಿಕ ಗೋಧಿ ಬಿಯರ್ ಆದ ವಿಟ್‌ಬಿಯರ್‌ನ ಹಗುರ ರೂಪ. ಡಚ್ ಭಾಷೆಯಲ್ಲಿ 'ವಿಟ್' ಎಂದರೆ ಬಿಳಿ. ಗೋಧಿಯ ಪ್ರೋಟೀನು, ಪಿಷ್ಟ ಹಾಗೂ ಸೋಸದೆ ಉಳಿಸಿದ ಯೀಸ್ಟ್‌ನಿಂದಾಗಿ ಈ ಪಾನೀಯವು ತಿಳಿಯಾಗಿರದೆ ಮಸುಕಾದ ಬಿಳಿಹಳದಿ ಬಣ್ಣ ಹೊಂದಿರುತ್ತದೆ. ಹೆಸರು ಬಂದುದು ಇದರಿಂದಲೇ. ಸಾಮಾನ್ಯ ವಿಟ್‌ಬಿಯರ್‌ನಲ್ಲಿ ಮದ್ಯಸಾರದ ಪ್ರಮಾಣ ಶೇ. 4.5ರಿಂದ 5.5ರಷ್ಟಿದ್ದರೆ, ಹಗುರ ರೂಪದಲ್ಲಿ ಅದು ಶೇ. 4ರ ಆಸುಪಾಸಿನಲ್ಲಿರುತ್ತದೆ.

ಹಿನ್ನೆಲೆ

ವಿಟ್‌ಬಿಯರ್‌ನ ತವರು ಬೆಲ್ಜಿಯಂನ ಫ್ಲೆಮಿಶ್ ಬ್ರಬಾಂಟ್ ಪ್ರಾಂತ್ಯದ ಹೂಗಾರ್ಡನ್ ಗ್ರಾಮ. 18ನೆಯ ಶತಮಾನದಲ್ಲಿ ಆ ಪುಟ್ಟ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಬಿಯರ್ ತಯಾರಿಕಾ ಮನೆಗಳಿದ್ದವು. ಲಾಗರ್ ಬಿಯರ್‌ನ ಪೈಪೋಟಿಯೆದುರು ಅವು ಒಂದೊಂದಾಗಿ ಮುಚ್ಚಿದವು. ಕೊನೆಯದಾದ ಟಾಮ್ಸಿನ್ 1957ರಲ್ಲಿ ನಿಂತುಹೋಯಿತು. ಯುವಕನಾಗಿದ್ದಾಗ ಅದೇ ಟಾಮ್ಸಿನ್‌ನಲ್ಲಿ ಕೈಗೆಲಸ ಮಾಡಿದ್ದ, ಮುಂದೆ ಹಾಲು ವ್ಯಾಪಾರಿಯಾದ ಪಿಯರ್ ಸೆಲಿಸ್ (1925–2011) 1960ರ ದಶಕದ ಮಧ್ಯದಲ್ಲಿ ಈ ಬಿಯರನ್ನು ಮತ್ತೆ ತಯಾರಿಸತೊಡಗಿದರು. ಇಂದು ಜಗತ್ತಿನಲ್ಲಿ ದೊರೆಯುವ ವಿಟ್‌ಬಿಯರ್‌ಗಳೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಅವರ ಈ ಪ್ರಯತ್ನಕ್ಕೆ ಋಣಿಯಾಗಿವೆ. 1985ರಲ್ಲಿ ಅವರ ತಯಾರಿಕಾ ಘಟಕ ಬೆಂಕಿಗೆ ಆಹುತಿಯಾಯಿತು. ಪುನರ್ನಿರ್ಮಾಣಕ್ಕೆ ದೊಡ್ಡ ಕಂಪನಿಯ ಬಂಡವಾಳ ಬಂದಿತು, ಅದರೊಂದಿಗೆ ಒಡೆತನವೂ ಕೈಬದಲಾಯಿತು. ಸೆಲಿಸ್ ಅಮೆರಿಕಕ್ಕೆ ತೆರಳಿ 1992ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಹೊಸ ಘಟಕ ತೆರೆದರು. 1995ರಲ್ಲಿ ಡೆನ್ವರ್‌ನಲ್ಲಿ ಆರಂಭವಾದ 'ಬ್ಲೂ ಮೂನ್' ಈ ಶೈಲಿಯನ್ನು ಅಮೆರಿಕದ ಸಾಮಾನ್ಯ ಗ್ರಾಹಕರಿಗೆ ತಲುಪಿಸಿತು. ಕಡಿಮೆ ಕ್ಯಾಲೊರಿಯ ರೂಪಕ್ಕೆ ದೊಡ್ಡ ಮಾರುಕಟ್ಟೆ ದೊರೆತದ್ದೂ ಆ ದೇಶದಲ್ಲಿಯೇ.

ಕ್ಯಾಲೊರಿಯ ಲೆಕ್ಕ

ಬಿಯರ್‌ನಲ್ಲಿರುವ ಕ್ಯಾಲೊರಿಗೆ ಎರಡು ಮುಖ್ಯ ಮೂಲಗಳಿವೆ: ಮದ್ಯಸಾರ ಮತ್ತು ಹುದುಗದೆ ಉಳಿದ ಶರ್ಕರಪಿಷ್ಟ. ಮದ್ಯಸಾರದ ಪ್ರತಿ ಗ್ರಾಂ ಸುಮಾರು 7 ಕಿಲೋಕ್ಯಾಲೊರಿ ಕೊಟ್ಟರೆ, ಶರ್ಕರಪಿಷ್ಟದ ಗ್ರಾಂ 4 ಕಿಲೋಕ್ಯಾಲೊರಿ ಕೊಡುತ್ತದೆ. ಶೇ. 5ರ 355 ಮಿಲಿಲೀಟರ್ ಬಿಯರ್‌ನಲ್ಲಿ ಸುಮಾರು 14 ಗ್ರಾಂ ಮದ್ಯಸಾರವಿರುವುದರಿಂದ, ಅದೊಂದರಿಂದಲೇ 98 ಕಿಲೋಕ್ಯಾಲೊರಿ ಬರುತ್ತದೆ. ಆದ್ದರಿಂದ ಸಿಹಿಯನ್ನಷ್ಟೇ ತೆಗೆದರೆ ಬಿಯರ್ ಹಗುರವಾಗದು, ಮದ್ಯಸಾರವನ್ನೂ ಇಳಿಸಬೇಕಾಗುತ್ತದೆ.

ತಯಾರಕರು ಇದಕ್ಕಾಗಿ ಧಾನ್ಯದ ಪ್ರಮಾಣವನ್ನು ಕಡಿಮೆ ಮಾಡುತ್ತಾರೆ. ಜೊತೆಗೆ, ಯೀಸ್ಟ್‌ಗೆ ಜೀರ್ಣವಾಗದ ಡೆಕ್ಸ್ಟ್ರಿನ್‌ಗಳನ್ನು ಗ್ಲುಕೋಅಮೈಲೇಸ್‌ನಂತಹ ಕಿಣ್ವದಿಂದ ಸರಳ ಸಕ್ಕರೆಯಾಗಿ ಒಡೆಯುವ ವಿಧಾನವೂ ಬಳಕೆಯಲ್ಲಿದೆ. ಆಗ ಬಹುಪಾಲು ಸಕ್ಕರೆ ಹುದುಗಿ ಮುಗಿಯುತ್ತದೆ. 2020ರಲ್ಲಿ ಮಾರುಕಟ್ಟೆಗೆ ಬಂದ 'ಬ್ಲೂ ಮೂನ್ ಲೈಟ್‌ಸ್ಕೈ' ಇದಕ್ಕೆ ಸಮೀಪದ ಉದಾಹರಣೆ. ಟ್ಯಾಂಜರಿನ್ ಸಿಪ್ಪೆ ಸೇರಿಸಿದ ಈ ಗೋಧಿ ಬಿಯರ್‌ನಲ್ಲಿ ಮದ್ಯಸಾರ ಶೇ. 4ರಷ್ಟು, 355 ಮಿಲಿಲೀಟರ್‌ಗೆ 95 ಕ್ಯಾಲೊರಿ. ಅದೇ ಹೆಸರಿನ ಮೂಲ ಬಿಯರ್‌ನಲ್ಲಿ ಇದು ಸುಮಾರು 170. ಕ್ಯಾಲೊರಿ ಹೆಚ್ಚುಕಡಿಮೆ ಅರ್ಧಕ್ಕಿಳಿದರೂ ಮದ್ಯಸಾರವು ಶೇ. 5.4ರಿಂದ 4ಕ್ಕೆ, ಅಂದರೆ ಕಾಲುಭಾಗದಷ್ಟು ಮಾತ್ರ ಇಳಿದಿದೆ. 'ಹಗುರ' ಎಂಬ ಪದವನ್ನು ಅಮಲಿಗೆ ಅನ್ವಯಿಸಿ ಓದುವುದು ಸರಿಯಲ್ಲ.

ರುಚಿ ಮತ್ತು ಪರೀಕ್ಷೆ

ವಿಟ್‌ಬಿಯರ್‌ನ ರುಚಿಗೆ ಮೂರು ಆಧಾರಗಳು: ಮೊಳಕೆ ಬರಿಸದ ಗೋಧಿ ಮತ್ತು ಕೆಲವೊಮ್ಮೆ ಓಟ್ಸ್ ಕೊಡುವ ಮಂದವಾದ ಮೃದುತನ, ಯೀಸ್ಟ್‌ನಿಂದ ಬರುವ ಲವಂಗ, ಮೆಣಸಿನಂಥ ಘಮ, ಹಾಗೂ ಕೊತ್ತಂಬರಿ ಬೀಜ ಮತ್ತು ಒಣ ಕಿತ್ತಳೆ ಸಿಪ್ಪೆಯ ಪರಿಮಳ. ಹಾಪ್ಸ್‌ನ ಕಹಿ ಹಿನ್ನೆಲೆಯಲ್ಲಷ್ಟೇ ಇರುತ್ತದೆ. ಕೊತ್ತಂಬರಿಯನ್ನು ಇಲ್ಲಿ ಸಾರಿನ ಪುಡಿಗೆ ಮಾಡುವಂತೆ ಹುರಿಯುವುದಿಲ್ಲ, ಕುಟ್ಟಿ ಕುದಿಯುವ ದ್ರವಕ್ಕೆ ಕೊನೆಯಲ್ಲಿ ಹಾಕುತ್ತಾರೆ. ಅದರಲ್ಲಿರುವ ಲಿನಲೂಲ್ ಎಂಬ ತೈಲಾಂಶವೇ ನಿಂಬೆಯ ಛಾಯೆ ತರುತ್ತದೆ. ಜರ್ಮನಿಯ ವೈಸ್‌ಬಿಯರ್‌ನಲ್ಲಿ ಮಸಾಲೆಯಿರುವುದಿಲ್ಲ. ಅದರ ಬಾಳೆಹಣ್ಣಿನ ವಾಸನೆ ಯೀಸ್ಟ್‌ನ ಕೊಡುಗೆ.

ಕ್ಯಾಲೊರಿ ಇಳಿಸಿದಾಗ ಮೊದಲು ಪೆಟ್ಟು ಬೀಳುವುದು ಗೋಧಿಯ ಮೃದುತನಕ್ಕೆ. ನೀರು ಹೆಚ್ಚಾದ ಸಾರಿನಲ್ಲಿ ಒಗ್ಗರಣೆಯೇ ಮುಂದಾಗಿ ನಿಲ್ಲುವಂತೆ, ತೆಳುವಾದ ಬಿಯರ್‌ನಲ್ಲಿ ಕಿತ್ತಳೆ, ಕೊತ್ತಂಬರಿಗಳು ಬೇರೆಯಾಗಿ ಎದ್ದು ಕಾಣುತ್ತವೆ. ಕೆಲವು ತಯಾರಿಕೆಗಳಲ್ಲಿ ಅವು ಸಾಬೂನಿನ ವಾಸನೆಯನ್ನೇ ನೆನಪಿಸುತ್ತವೆ. ಉತ್ತಮ ಹಗುರ ವಿಟ್‌ಬಿಯರ್‌ನಲ್ಲಿ ಮಸಾಲೆಯನ್ನೂ ಅದೇ ಅನುಪಾತದಲ್ಲಿ ಇಳಿಸಿರುತ್ತಾರೆ. ಗುಟುಕಿನ ಕೊನೆಯಲ್ಲಿ ಗೋಧಿಹಿಟ್ಟಿನ ನೆನಪು ಉಳಿಯುತ್ತದೆ.

ಪರೀಕ್ಷಿಸುವಾಗ ಬಾಟಲಿಯ ಮುಕ್ಕಾಲು ಭಾಗವನ್ನು ಲೋಟಕ್ಕೆ ಸುರಿದು, ಉಳಿದುದನ್ನು ಮೆಲ್ಲನೆ ತಿರುಗಿಸಿ ತಳದ ಯೀಸ್ಟ್ ಕದಡಿದ ಮೇಲೆ ಸೇರಿಸಲಾಗುತ್ತದೆ. ಮಂಜುಗಟ್ಟುವಷ್ಟು ತಂಪಿನಲ್ಲಿ ನಾಲಗೆಗೆ ತೆಳುತನ ತಿಳಿಯುವುದಿಲ್ಲವಾದ್ದರಿಂದ 5ರಿಂದ 7 ಡಿಗ್ರಿ ಸೆಲ್ಸಿಯಸ್ ಸೂಕ್ತ. ಲೋಟದ ಅಂಚಿಗೆ ಕಿತ್ತಳೆ ಹೋಳು ಸಿಕ್ಕಿಸುವ ರೂಢಿಯನ್ನು ಬಳಕೆಗೆ ತಂದದ್ದು ಬ್ಲೂ ಮೂನ್. ಅದರ ಸಿಪ್ಪೆಯ ಎಣ್ಣೆ ನೊರೆಯನ್ನು ಕುಗ್ಗಿಸುತ್ತದೆ, ರಸ ಬಿಯರ್‌ನ ಕೊರತೆಗಳನ್ನು ಮರೆಮಾಡುತ್ತದೆ. ಹೋಲಿಕೆಗಾಗಿ ಕುಡಿಯುವಾಗ ಹೋಳಿಲ್ಲದಿರುವುದೇ ಲೇಸು.

ಭಾರತದಲ್ಲಿ

2015ರಲ್ಲಿ ಆರಂಭವಾದ 'ಬೀರಾ 91'ರ ಬಿಳಿ ಬಿಯರ್ ಮೊದಲಿಗೆ ಬೆಲ್ಜಿಯಂನಲ್ಲಿ ತಯಾರಾಗಿ ಭಾರತಕ್ಕೆ ಬರುತ್ತಿತ್ತು. ಬೆಂಗಳೂರಿನ ಕಿರು ಬಿಯರ್ ಘಟಕಗಳಲ್ಲಿಯೂ ಬೆಲ್ಜಿಯನ್ ವಿಟ್ ಪರಿಚಿತ ಬಗೆ. ಇಂದಿರಾನಗರದ 'ಟಾಯ್ಟ್' ತನ್ನ ವಿಟ್‌ಬಿಯರ್‌ಗೆ ಬೆಲ್ಜಿಯಂನದೇ ಚಿತ್ರಕಥಾ ನಾಯಕ ಟಿನ್‌ಟಿನ್‌ನ ಹೆಸರಿಟ್ಟಿದೆ.